ಬೆಕ್ಕು ತನ್ನ ರೋಮವನ್ನು ನೆಕ್ಕಿ ಕಳೆದುಕೊಳ್ಳುವುದೇಕೆ?

ಮಂಗಳೂರಿನಲ್ಲಿ ಬೆಕ್ಕು ಸಾಕದವರ ಮನೆಗೂ ಬೆಕ್ಕು ಬಂದೇ ಬರುತ್ತದೆ. ಧಕ್ಕೆಯ ಮೀನಿನ ಬುಟ್ಟಿಗಳ ನಡುವೆ, ಹಳೆಯ ಮನೆಗಳ ಹಂಚಿನ ಮಾಡಿನ ಮೇಲೆ, ಹೊಸ ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಅದು ತನ್ನ ಠಾವನ್ನು ಕಂಡುಕೊಂಡಿದೆ. ತುಳುವಿನಲ್ಲಿ ‘ಪುಚ್ಚೆ’ಯೆಂದೂ ಕೊಂಕಣಿಯಲ್ಲಿ ‘ಮಾಜರ’ವೆಂದೂ ಕರೆಯಿಸಿಕೊಳ್ಳುವ ಈ ಪ್ರಾಣಿ ಉಂಡ ಕೂಡಲೇ ಜಗಲಿಯ ಮೂಲೆಯಲ್ಲಿ ಕುಳಿತು ಮೈ ನೆಕ್ಕತೊಡಗುವುದನ್ನು ಕಾಣದವರಿಲ್ಲ.

ಕೆಲವೊಮ್ಮೆ ಈ ನೆಕ್ಕುವಿಕೆ ಮಿತಿಮೀರುತ್ತದೆ. ಹೊಟ್ಟೆಯ ಕೆಳಭಾಗ, ತೊಡೆಯ ಒಳಮೈ, ಬಾಲದ ಬುಡ—ಇಲ್ಲೆಲ್ಲ ಕೂದಲು ಮಾಯವಾಗಿ ನಸುಗೆಂಪಾದ ಚರ್ಮ ಕಾಣಿಸಿಕೊಳ್ಳುತ್ತದೆ. ಮನೆಯವರು ಗಾಬರಿಗೊಳ್ಳುತ್ತಾರೆ. ಇದು ಸೆಕೆಯಿಂದ ಆದದ್ದೆಂದು ಒಬ್ಬರು, ಮುಪ್ಪಿನಿಂದ ಆದದ್ದೆಂದು ಮತ್ತೊಬ್ಬರು, ಮಕ್ಕಳಿಗೂ ಅಂಟುವ ರೋಗವೆಂದು ಇನ್ನೊಬ್ಬರು ಹೇಳುತ್ತಾರೆ. ಕೈಗೆ ಸಿಕ್ಕಿದ ಎಣ್ಣೆಯನ್ನೋ ಮುಲಾಮನ್ನೋ ಹಚ್ಚುವುದು ಒಂದು ಕ್ರಮ. ಗೋಣಿಚೀಲದಲ್ಲಿ ಕಟ್ಟಿ ಮೀನುಪೇಟೆಯ ಬಳಿ ಬಿಟ್ಟುಬರುವುದು ಇನ್ನೊಂದು. ಮೊದಲನೆಯದು ಬೆಕ್ಕಿನ ಪ್ರಾಣಕ್ಕೆ ಎರವಾಗಬಹುದು; ಎರಡನೆಯದು ಕ್ರೂರವಾದುದು. ಎರಡಕ್ಕೂ ಮೂಲ ಒಂದೇ: ಕಾರಣವನ್ನು ಹುಡುಕದೆ ಕಾರ್ಯಕ್ಕೆ ಇಳಿಯುವುದು.

ನೆಕ್ಕುವುದು ರೋಗವಲ್ಲ, ಯಾವುದೋ ತೊಂದರೆಗೆ ಬೆಕ್ಕು ಕೊಡುವ ಉತ್ತರ. ಆ ತೊಂದರೆ ಯಾವುದೆಂದು ಅರಿಯಲು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದಾದ ಕೆಲವು ಸರಳ ಪರೀಕ್ಷೆಗಳಿವೆ. ಅವುಗಳನ್ನು ತಿಳಿಯುವುದಕ್ಕೆ ಮೊದಲು ಬೆಕ್ಕಿನ ನಾಲಗೆಯ ರಚನೆಯನ್ನು ಸ್ವಲ್ಪ ಗಮನಿಸೋಣ.

ನಾಲಗೆಯ ಮೇಲಿನ ಲೇಖನಿಗಳು

ಬೆಕ್ಕು ನಮ್ಮ ಕೈಯನ್ನು ನೆಕ್ಕಿದಾಗ ಅರದಿಂದ ಉಜ್ಜಿದಂತೆ ಭಾಸವಾಗುತ್ತದೆ. ಅದರ ನಾಲಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುವುದೇ ಇದಕ್ಕೆ ಕಾರಣ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಟಿನ್ ಎಂಬ ವಸ್ತುವಿನಿಂದಲೇ ಈ ಮುಳ್ಳುಗಳೂ ಆಗಿವೆ. ಇವು ಗಟ್ಟಿಯಾದ ಶಂಕುಗಳೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಜಾರ್ಜಿಯಾ ತಾಂತ್ರಿಕ ವಿದ್ಯಾಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬವರು ಕ್ಷ-ಕಿರಣಗಳಿಂದ ಈ ಮುಳ್ಳುಗಳ ಒಳರಚನೆಯನ್ನು ಚಿತ್ರಿಸಿ, ಅವುಗಳ ತುದಿ ಟೊಳ್ಳಾಗಿದ್ದು ಸೌಟಿನಂತೆ ತೆರೆದಿದೆಯೆಂದು 2018ರಲ್ಲಿ ಪ್ರಕಟಿಸಿದರು.

ಈ ಟೊಳ್ಳಿನ ಪ್ರಯೋಜನವೇನು? ಲೇಖನಿಯ ನಿಬ್ಬಿನ ಸೀಳನ್ನು ಗಮನಿಸಿರಿ. ಶಾಯಿ ಆ ಕಿರಿದಾದ ಸೀಳಿನಲ್ಲಿ ತಾನಾಗಿ ತುಂಬಿ ನಿಲ್ಲುತ್ತದೆ. ಕಾಗದ ಸೋಂಕಿದೊಡನೆ ಕೆಳಗಿಳಿಯುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೇರಿಸುವುದೂ ಇದೇ ಬಲದಿಂದ. ಭೌತವಿಜ್ಞಾನದಲ್ಲಿ ಇದಕ್ಕೆ ಕೇಶಾಕರ್ಷಣವೆಂದು ಹೆಸರು. ಬಾಯಲ್ಲಿರುವಾಗ ಜೊಲ್ಲು ಈ ಬಲದಿಂದಲೇ ಮುಳ್ಳಿನ ತುದಿಯ ಟೊಳ್ಳಿಗೆ ಸೇರುತ್ತದೆ. ನಾಲಗೆ ಮೈಮೇಲೆ ಹರಿದಾಗ ರೋಮಗಳ ಎಡೆಯಲ್ಲಿ ಇಳಿದು ಚರ್ಮದವರೆಗೂ ತಲಪುತ್ತದೆ. ಬೆಕ್ಕಿನ ನಾಲಗೆಯಲ್ಲಿ ಇಂತಹ ಸುಮಾರು 300 ಲೇಖನಿಗಳಿವೆ! ಈ ವಿಜ್ಞಾನಿಗಳು ಸಿಂಹ, ಹುಲಿ, ಹಿಮಚಿರತೆ ಮೊದಲಾದ ಮಾರ್ಜಾಲ ಜಾತಿಯ ಇತರ ಪ್ರಾಣಿಗಳ ನಾಲಗೆಗಳನ್ನೂ ಪರೀಕ್ಷಿಸಿ ಅಲ್ಲೆಲ್ಲ ಇದೇ ರಚನೆಯನ್ನು ಕಂಡರು. ಪಿಲಿಕುಳದ ಉದ್ಯಾನದಲ್ಲಿ ಹುಲಿ ಮೈ ನೆಕ್ಕಿಕೊಳ್ಳುವುದನ್ನು ಕಂಡವರು, ನಮ್ಮ ಮನೆಯ ಪುಚ್ಚೆಯೂ ಆ ಪಿಲಿಯೂ ಒಂದೇ ಉಪಕರಣವನ್ನು ಬಳಸುತ್ತಿವೆಯೆಂದು ತಿಳಿಯಬಹುದು.

ಹೀಗೆ ಒಳಗಿಳಿದ ಜೊಲ್ಲು ಕೊಳೆಯನ್ನು ಕಳೆಯುತ್ತದೆ. ಆರುವಾಗ ಮೈಯನ್ನೂ ತಂಪುಗೊಳಿಸುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು. ನೂರು ಗ್ರಾಂ ನೀರಿನ ಉಷ್ಣತೆಯನ್ನು ಐದಾರು ಡಿಗ್ರಿ ಇಳಿಸಲು ಅದರಿಂದ ತೆಗೆಯಬೇಕಾದ ಶಾಖವೂ ಅಷ್ಟೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆವಿಯಾಗುವ ವೇಗ ಕುಂದುತ್ತದೆ. ಒಣ ಹವೆಯ ಊರಿನಲ್ಲಿ ಬೇಗನೆ ಆರುವ ರೋಮ ನಮ್ಮ ಕರಾವಳಿಯ ಆಷಾಢದಲ್ಲಿ ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುತ್ತದೆ.

ಆರೋಗ್ಯದಿಂದಿರುವ ಬೆಕ್ಕು ನಿದ್ದೆ, ವಿಶ್ರಾಂತಿಗಳನ್ನು ಕಳೆದು ಉಳಿದ ಹೊತ್ತಿನಲ್ಲಿ ನೂರಕ್ಕೆ ಸುಮಾರು 8 ಪಾಲನ್ನು ಮೈ ನೆಕ್ಕುವುದರಲ್ಲಿ ಕಳೆಯುತ್ತದೆಂದು ಲೆಕ್ಕಹಾಕಿದ್ದಾರೆ. ಆದುದರಿಂದ ನೆಕ್ಕುವುದನ್ನು ಕಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ. ಕೂದಲು ತೆಳುವಾದಾಗ, ಚರ್ಮ ಕೆಂಪಾದಾಗ, ಊಟವನ್ನೂ ಆಟವನ್ನೂ ಬಿಟ್ಟು ನೆಕ್ಕತೊಡಗಿದಾಗ ಎಚ್ಚರಗೊಳ್ಳಬೇಕು.

ಉದುರಿತೋ, ನೆಕ್ಕಿದ್ದರಿಂದ ಹೋಯಿತೋ?

ಮೊದಲ ಪ್ರಶ್ನೆ ಇದು. ಎಷ್ಟೋ ಬೆಕ್ಕುಗಳು ಮನುಷ್ಯರ ಕಣ್ಣು ತಪ್ಪಿಸಿ ಅಟ್ಟದಲ್ಲಿಯೋ ಮಂಚದ ಕೆಳಗೋ ನೆಕ್ಕಿಕೊಳ್ಳುತ್ತವೆ. ‘ನಮ್ಮ ಬೆಕ್ಕು ನೆಕ್ಕುವುದೇ ಇಲ್ಲ, ಕೂದಲು ತಾನಾಗಿ ಉದುರಿದೆ’ ಎಂದು ಮನೆಯವರು ಪ್ರಮಾಣಮಾಡಿ ಹೇಳುವುದುಂಟು. ನಿಜವನ್ನು ಸೂಕ್ಷ್ಮದರ್ಶಕ ಹೇಳಬಲ್ಲುದು.

ಬೋಳಾದ ಜಾಗದ ಅಂಚಿನಿಂದ ನಾಲ್ಕಾರು ಕೂದಲುಗಳನ್ನು ಮೆಲ್ಲನೆ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿರಿ. ತಾನಾಗಿ ಬೆಳೆದ ಕೂದಲಿನ ತುದಿ ಸೂಜಿಯಂತೆ ಕ್ರಮೇಣ ಸಣ್ಣಗಾಗಿರುತ್ತದೆ. ನಾಲಗೆಯ ಮುಳ್ಳು, ಹಲ್ಲುಗಳಿಗೆ ಸಿಕ್ಕಿದ ಕೂದಲಾದರೋ ಮುರಿದ ಕಡ್ಡಿಯಂತೆ ಮೊಂಡಾಗಿರುತ್ತದೆ. ತುದಿಗಳು ಮೊಂಡಾಗಿದ್ದರೆ ಬೆಕ್ಕು ನೆಕ್ಕುತ್ತಿದೆಯೆಂಬುದರಲ್ಲಿ ಸಂಶಯವಿಲ್ಲ. ತುರಿಕೆ, ನೋವು, ಮನೋವ್ಯಥೆಗಳ ಕಡೆಗೆ ನಮ್ಮ ಗಮನ ಹರಿಯಬೇಕು. ತುದಿಗಳು ಚೂಪಾಗಿದ್ದರೆ ಕೂದಲು ಬುಡದಿಂದಲೇ ಕಳಚುತ್ತಿದೆ. ಆಗ ದೇಹದೊಳಗಿನ ರೋಗಗಳನ್ನು ಶಂಕಿಸಬೇಕು. ಪಶುವೈದ್ಯರೂ ಪರೀಕ್ಷೆಯನ್ನು ಅನೇಕವೇಳೆ ಇಲ್ಲಿಂದಲೇ ಆರಂಭಿಸುತ್ತಾರೆ.

ಮೊದಲ ಶಂಕಿತ: ಚಿಗಟ

ಬೆಕ್ಕಿಗೆ ತುರಿಕೆಯನ್ನುಂಟುಮಾಡುವ ಜೀವಿಗಳಲ್ಲಿ ಚಿಗಟಕ್ಕೆ ಅಗ್ರಸ್ಥಾನ. ಸುಮಾರು ಎರಡು ಮಿಲಿಮೀಟರ್ ಉದ್ದದ, ಪಕ್ಕದಿಂದ ಅದುಮಿದಂತೆ ಚಪ್ಪಟೆಯಾದ, ರೆಕ್ಕೆಯಿಲ್ಲದ ಕೀಟವಿದು. ಕಚ್ಚುವಾಗ ತನ್ನ ಜೊಲ್ಲನ್ನು ಚರ್ಮದೊಳಕ್ಕೆ ಬಿಡುತ್ತದೆ. ಕೆಲವು ಬೆಕ್ಕುಗಳ ದೇಹಕ್ಕೆ ಈ ಜೊಲ್ಲಿನಲ್ಲಿರುವ ಪ್ರೋಟೀನುಗಳು ಒಗ್ಗುವುದಿಲ್ಲ. ಅಂತಹ ಬೆಕ್ಕಿಗೆ ಒಂದೆರಡು ಚಿಗಟ ಕಚ್ಚಿದರೂ ಸಾಕು, ದಿನಗಟ್ಟಲೆ ಮೈಯೆಲ್ಲ ತುರಿಸುತ್ತದೆ. ಹೀಗೆ ಕಾಣಿಸಿಕೊಳ್ಳುವ ರೋಗಕ್ಕೂ ಚಿಗಟಗಳ ಸಂಖ್ಯೆಗೂ ಹೊಂದಿಕೆಯೇ ಇರುವುದಿಲ್ಲ.

‘ಹುಡುಕಿದೆವು, ಒಂದು ಚಿಗಟವೂ ಸಿಗಲಿಲ್ಲ’ ಎಂಬ ಮಾತನ್ನು ಇಲ್ಲಿ ನಂಬುವಂತಿಲ್ಲ. ಬೆಕ್ಕು ನೆಕ್ಕಿ ನೆಕ್ಕಿ ಸಾಕ್ಷ್ಯವನ್ನೇ ನುಂಗಿಬಿಟ್ಟಿರುತ್ತದೆ. ಉಳಿದ ಚಿಗಟವೂ ಸುಲಭವಾಗಿ ಕೈಗೆ ಸಿಗದು. ಅದರ ನೆಗೆತದ ಬಗೆಯನ್ನು 1967ರಲ್ಲಿ ಬೆನೆಟ್-ಕ್ಲಾರ್ಕ್ ಮತ್ತು ಲ್ಯೂಸಿ ಎಂಬ ವಿಜ್ಞಾನಿಗಳು ಅಳೆದರು. ರಬ್ಬರಿನಂತೆ ಹಿಗ್ಗಿ ಕುಗ್ಗುವ ರೆಸಿಲಿನ್ ಎಂಬ ವಸ್ತುವಿನಲ್ಲಿ ಚಿಗಟ ಶಕ್ತಿಯನ್ನು ಮೊದಲೇ ಕೂಡಿಟ್ಟುಕೊಂಡು, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಸಮಯದಲ್ಲಿ ಅದನ್ನೆಲ್ಲ ಹೊರಬಿಡುತ್ತದೆ. ಆಗ ಅದರ ವೇಗೋತ್ಕರ್ಷ ಭೂಮಿಯ ಗುರುತ್ವದಿಂದಾಗುವುದಕ್ಕಿಂತ ನೂರು ಮಡಿಗೂ ಮಿಗಿಲು. ಸ್ನಾಯುಗಳಿಂದ ಮಾತ್ರ ಇಂತಹ ನೆಗೆತ ಸಾಧ್ಯವಿಲ್ಲ. ಕವಣೆಯ ತಂತ್ರವೇ ಇಲ್ಲಿ ಕೆಲಸಮಾಡುತ್ತದೆ.

ಚಿಗಟ ಕಾಣದಿದ್ದರೂ ಅದರ ಗುರುತು ಉಳಿದಿರುತ್ತದೆ. ಹೇನು ಬಾಚುವ ಸೀರಣಿಗೆಯಿಂದ ಬೆಕ್ಕಿನ ಬೆನ್ನನ್ನೂ ಬಾಲದ ಬುಡವನ್ನೂ ಬಾಚಿರಿ. ಸಿಕ್ಕಿದ ಕಪ್ಪು ಹುಡಿಯನ್ನು ಒದ್ದೆಮಾಡಿದ ಬಿಳಿಯ ಕಾಗದದ ಮೇಲೆ ಉದುರಿಸಿರಿ. ಬರಿಯ ಧೂಳಾದರೆ ಹಾಗೆಯೇ ಇರುತ್ತದೆ. ಪ್ರತಿಯೊಂದು ಕಣದ ಸುತ್ತಲೂ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಆ ಬಣ್ಣ ಬೆಕ್ಕಿನದೇ ಜೀರ್ಣವಾದ ರಕ್ತ. ಇದಕ್ಕಿಂತ ಅಗ್ಗವಾದ ರೋಗಪರೀಕ್ಷೆಯನ್ನು ಕಾಣುವುದು ಕಷ್ಟ. ಬಾಲದ ಕೆಳಗೆ ಅಕ್ಕಿಕಾಳಿನಂತಹ ತುಣುಕುಗಳು ಅಂಟಿಕೊಂಡಿದ್ದರೆ ಅದೂ ಒಂದು ಸೂಚನೆ. ಚಿಗಟವನ್ನು ನುಂಗಿದ ಬೆಕ್ಕಿನ ಕರುಳಿನಲ್ಲಿ ಬೆಳೆಯುವ ಲಾಡಿಹುಳುವಿನ ತುಂಡುಗಳವು.

ಮಂಗಳೂರಿನ ಹವೆಗೂ ಚಿಗಟಕ್ಕೂ ಗಾಢವಾದ ಸಂಬಂಧವಿದೆ. ಹೆಣ್ಣು ಚಿಗಟ ಬೆಕ್ಕಿನ ಮೈಮೇಲೆ ದಿನಕ್ಕೆ 20ಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳಿಗೆ ಅಂಟು ಇಲ್ಲ. ಬೆಕ್ಕು ಮಲಗಿದ ಗೋಣಿಯ ಮೇಲೆ, ನೆಲದ ಬಿರುಕಿನಲ್ಲಿ, ಸೋಫಾದ ಸಂದಿನಲ್ಲಿ ಅವು ಉದುರುತ್ತವೆ. ಅವುಗಳಿಂದ ಹೊರಬರುವ ಮರಿಹುಳು ಬಹಳ ಸೂಕ್ಷ್ಮ ಪ್ರಾಣಿ. ಗಾಳಿಯ ಆರ್ದ್ರತೆ ನೂರಕ್ಕೆ 50ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ, ಕಡಲಿನ ತೇವದ ಗಾಳಿ ಸದಾ ಬೀಸುವ, ಚಳಿಯೆಂಬುದನ್ನೇ ಅರಿಯದ ಊರಿನಲ್ಲಿ ಅದಕ್ಕೆ ಆ ಭಯವೆಲ್ಲಿ? ಶೀತದೇಶಗಳಲ್ಲಿ ಚಳಿಗಾಲ ಮಾಡುವ ಉಪಕಾರ ನಮಗೆ ಲಭ್ಯವಿಲ್ಲ. ಇಲ್ಲಿ ಚಿಗಟದ ಪೀಳಿಗೆ ಮೂರು ನಾಲ್ಕು ವಾರಗಳಲ್ಲಿ ಪೂರ್ಣಗೊಂಡು ವರ್ಷವಿಡೀ ಮುಂದುವರಿಯಬಲ್ಲುದು.

ಮರಿಹುಳು ಗೂಡು ಕಟ್ಟಿಕೊಂಡ ಮೇಲೆ ತಿಂಗಳುಗಟ್ಟಲೆ ಒಳಗೇ ಕಾಯಬಲ್ಲುದು. ನೆಲದ ಅದುರುವಿಕೆ, ಬಿಸುಪು, ಉಸಿರಿನ ಇಂಗಾಲಾಮ್ಲ—ಇವು ಆಹಾರ ಬಂದಿತೆಂದು ಅದಕ್ಕೆ ಸಾರುತ್ತವೆ. ಬೇಸಗೆಯ ರಜೆಯಲ್ಲಿ ಮುಚ್ಚಿದ್ದ ಮನೆಯ ಬಾಗಿಲು ತೆರೆದು ಕಾಲಿಟ್ಟೊಡನೆ ಚಿಗಟಗಳು ಮುತ್ತಿಕೊಳ್ಳುವುದು ಇದೇ ಕಾರಣದಿಂದ. ಬೆಕ್ಕಿನ ಮೈಮೇಲಿರುವ ಚಿಗಟಗಳು ಒಟ್ಟು ಸಂತತಿಯ ಅಲ್ಪಾಂಶ ಮಾತ್ರ. ಹೆಚ್ಚಿನವು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಮನೆಯಲ್ಲಿಯೇ ಅಡಗಿವೆ. ಬೆಕ್ಕಿಗೆ ಮಾತ್ರ ಔಷಧ ಹಾಕಿ ಮನೆಯನ್ನು ಮರೆತವರಿಗೆ ತಿಂಗಳೊಳಗೆ ಹಳೆಯ ಕಥೆಯೇ ಎದುರಾಗುತ್ತದೆ.

ಬೇರೆ ಕಾರಣಗಳು

ಚಿಗಟವಲ್ಲದೆ ಕಿವಿಯಲ್ಲಿಯೂ ಚರ್ಮದಲ್ಲಿಯೂ ಸೇರುವ ನುಸಿಗಳು, ಮಳೆಗಾಲದ ಗೋಡೆಗಳ ಮೇಲಿನ ಬೂಷ್ಟು, ಹಾಸಿಗೆಯ ಧೂಳು, ಒಗ್ಗದ ಆಹಾರ—ಇವೂ ತುರಿಕೆಯನ್ನು ತರಬಲ್ಲವು.

ಹುಳುಕಡ್ಡಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನಿಂದ ಬರುವುದಲ್ಲ. ಕೂದಲನ್ನೇ ತಿಂದು ಬದುಕುವ ಒಂದು ಬಗೆಯ ಶಿಲೀಂಧ್ರದಿಂದ ಬರುತ್ತದೆ. ಮನೆಯ ಮಕ್ಕಳಿಗೂ ಇದು ಅಂಟುವುದುಂಟು. ಇದನ್ನು ಕಂಡುಹಿಡಿಯಲು ಭೌತವಿಜ್ಞಾನ ಒಂದು ಸುಂದರವಾದ ಸಾಧನವನ್ನು ಕೊಟ್ಟಿದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅತಿನೇರಳೆ ಕಿರಣಗಳನ್ನು ಮಾತ್ರ ಹೊರಬಿಡುವ ಗಾಜೊಂದನ್ನು ರೂಪಿಸಿದನು. 1925ರಲ್ಲಿ ಫ್ರಾನ್ಸಿನ ವೈದ್ಯರು ಆ ಕಿರಣಗಳನ್ನು ಶಿಲೀಂಧ್ರ ಹಿಡಿದ ಕೂದಲಿನ ಮೇಲೆ ಹಾಯಿಸಿದಾಗ ಕತ್ತಲಲ್ಲಿ ಕೂದಲು ಹಸುರಾಗಿ ಹೊಳೆಯಿತು! ಪಶುವೈದ್ಯರ ಬಳಿ ಈಗಲೂ ‘ವುಡ್ ದೀಪ’ವಿರುತ್ತದೆ. ಶಿಲೀಂಧ್ರದಿಂದ ಹುಟ್ಟಿದ ವಸ್ತುವೊಂದು ಕಾಣದ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಹೊರಬಿಡುವುದೇ ಇದರ ಗುಟ್ಟು. ಆದರೆ ಎಲ್ಲ ಜಾತಿಯ ಶಿಲೀಂಧ್ರಗಳೂ ಹೀಗೆ ಹೊಳೆಯವು. ಧೂಳು, ಮುಲಾಮುಗಳು ಹೊಳೆದು ಮೋಸಗೊಳಿಸುವುದೂ ಉಂಟು. ಆದುದರಿಂದ ಕೊನೆಯ ತೀರ್ಪು ವೈದ್ಯರದು.

ತುರಿಕೆಯಿಲ್ಲದೆ ನೋವಿದ್ದರೂ ಬೆಕ್ಕು ನೆಕ್ಕುತ್ತದೆ. ಮೂತ್ರಕೋಶ ಉರಿಯುತ್ತಿರುವ ಬೆಕ್ಕು ಕೆಳಹೊಟ್ಟೆಯನ್ನು ನೆಕ್ಕಿ ಬೋಳಾಗಿಸುವುದುಂಟು. ಮುದಿ ಬೆಕ್ಕು ನೋಯುವ ಕೀಲಿನ ಮೇಲಿನ ರೋಮವನ್ನು ತೆಗೆಯುವುದುಂಟು. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕುರುಗಾಲಲ್ಲಿ ಕುಳಿತು, ಮೂತ್ರ ಬಾರದೆ ನರಳುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಎರಡು ಮೂರು ದಿನಗಳಲ್ಲಿ ಸಾಯಬಹುದು.

ಮನಸ್ಸಿನ ಮೇಲೆ ಹೊರಿಸುವ ಆರೋಪ

ಬೇರೇನೂ ಹೊಳೆಯದಾಗ ‘ಇದು ಮನಸ್ಸಿನ ಬೇನೆ’ ಎಂದು ಹೇಳಿಬಿಡುವುದು ಸುಲಭ. ಮನೆ ಬದಲಾದಾಗ, ಹೊಸ ಬೆಕ್ಕು ಬಂದಾಗ, ಪಟಾಕಿಯ ಸದ್ದಿಗೆ ಬೆದರಿದಾಗ ಬೆಕ್ಕು ನೆಕ್ಕುವುದನ್ನೇ ಸಮಾಧಾನವಾಗಿ ಮಾಡಿಕೊಳ್ಳುವುದು ನಿಜ. ಆದರೆ ಇದು ಎಷ್ಟು ಸಾಮಾನ್ಯ? ಮನೋಬೇನೆಯೆಂದು ಊಹಿಸಿ ಕಳುಹಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿ ಅದರ ಫಲವನ್ನು 2006ರಲ್ಲಿ ಪ್ರಕಟಿಸಿದರು. 16 ಬೆಕ್ಕುಗಳಲ್ಲಿ ತುರಿಕೆಗೆ ದೇಹಸಂಬಂಧವಾದ ಕಾರಣವೇ ಸಿಕ್ಕಿತು; ಮೂರರಲ್ಲಿ ದೇಹ, ಮನಸ್ಸು ಎರಡೂ ಸೇರಿದ್ದವು. ಬರಿಯ ಮನೋಬೇನೆ ಇದ್ದದ್ದು ಎರಡರಲ್ಲಿ ಮಾತ್ರ! ಸಂಖ್ಯೆ ಚಿಕ್ಕದಾದರೂ ಪಾಠ ಸ್ಪಷ್ಟವಾಗಿದೆ: ಇತರ ಕಾರಣಗಳೆಲ್ಲ ಇಲ್ಲವೆಂದು ತೋರಿಸಿದ ಮೇಲೆಯೇ ಮನಸ್ಸಿನ ಕಡೆಗೆ ಬೆರಳು ತೋರಬೇಕು.

ಮೈಮೇಲೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ

ನಾಲಗೆಯ 300 ಲೇಖನಿಗಳು ಜೊಲ್ಲನ್ನು ಚರ್ಮಕ್ಕೆ ಮುಟ್ಟಿಸುತ್ತವೆಯೆಂದೆವು. ಅದೇ ನಾಲಗೆ ಮೈಮೇಲಿದ್ದುದನ್ನು ಬಾಯಿಗೆ ತರುತ್ತದೆಂಬುದನ್ನು ಮರೆಯಬಾರದು. ನಾಯಿಯ ಅಥವಾ ಹಸುವಿನ ಮೈಗೆ ಹಚ್ಚಿದ ಔಷಧ ಬಹುಮಟ್ಟಿಗೆ ಅಲ್ಲಿಯೇ ಉಳಿದೀತು. ಬೆಕ್ಕಿನ ಮೈಗೆ ಹಚ್ಚಿದ್ದು ಗಂಟೆಯೊಳಗೆ ಅದರ ಹೊಟ್ಟೆಯಲ್ಲಿರುತ್ತದೆ.

ಬೆಕ್ಕಿನ ಯಕೃತ್ತಿನಲ್ಲಿ ಒಂದು ಕೊರತೆಯೂ ಇದೆ. ಫಿನಾಲ್ ಜಾತಿಯ ಅನೇಕ ವಸ್ತುಗಳನ್ನು ನಮ್ಮ ಯಕೃತ್ತು ಗ್ಲುಕ್ಯುರಾನಿಕ್ ಆಮ್ಲದೊಡನೆ ಜೋಡಿಸಿ ಹೊರಹಾಕುತ್ತದೆ. ಈ ಕೆಲಸ ಮಾಡುವ ಒಂದು ಮುಖ್ಯ ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟು ನಿಷ್ಕ್ರಿಯವಾಗಿದೆಯೆಂದು ಮೈಕೆಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ 2000ರಲ್ಲಿ ತೋರಿಸಿದರು. ಮಾಂಸವನ್ನೇ ತಿಂದು ಬದುಕಿದ ಪ್ರಾಣಿಗೆ ಸಸ್ಯಗಳ ವಿಷಗಳೊಡನೆ ಹೋರಾಡುವ ಅಗತ್ಯ ಬೀಳದಿದ್ದುದೇ ಇದರ ಮೂಲವೆಂದು ಊಹೆ. ಪರಿಣಾಮವೇನೆಂದರೆ, ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ನೆಲ ಒರೆಸುವ ಫಿನಾಯಿಲು, ಕರ್ಪೂರದ ಎಣ್ಣೆ, ಸೀಮೆಎಣ್ಣೆ—ಇವುಗಳನ್ನು ಬೆಕ್ಕಿನ ಮೈಗೆ ಸೋಂಕಿಸಲೂ ಕೂಡದು. ಫಿನಾಯಿಲಿನಿಂದ ಒರೆಸಿದ ನೆಲ ಆರುವವರೆಗೆ ಬೆಕ್ಕನ್ನು ದೂರವಿಡಬೇಕು. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕದೆ ಬಿಡದು. ನಾಯಿಗಳ ಚಿಗಟಕ್ಕೆಂದು ಮಾರುವ, ಪರ್ಮೆಥ್ರಿನ್ ಬೆರೆತ ಔಷಧವೂ ಬೆಕ್ಕಿಗೆ ಘೋರವಿಷ. ನಡುಕ, ಸೆಳವುಗಳಿಂದ ಸಾವು ಸಂಭವಿಸುತ್ತದೆ.

ನಾವು ಮಾಡಬಹುದಾದುದು

ಮೊದಲು ಸೀರಣಿಗೆಯ ಪರೀಕ್ಷೆ, ಒದ್ದೆ ಕಾಗದದ ಪರೀಕ್ಷೆಗಳನ್ನು ಮಾಡಿರಿ. ಬೋಳಾದ ಜಾಗ ಯಾವುದು, ಎಂದಿನಿಂದ, ಆ ದಿನಗಳಲ್ಲಿ ಆಹಾರವೋ ಮನೆಯೋ ಬದಲಾಯಿತೇ, ಮನೆಯವರಿಗೂ ತುರಿಕೆಯಿದೆಯೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಿರಿ. ಈ ಟಿಪ್ಪಣಿಯೊಡನೆ ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ದರೆ ಅವರ ಕೆಲಸ ಅರ್ಧ ಮುಗಿದಂತೆ. ಬೆಕ್ಕಿಗೆಂದೇ ತಯಾರಿಸಿದ, ಅದರ ತೂಕಕ್ಕೆ ತಕ್ಕ ಚಿಗಟದ ಔಷಧವನ್ನು ವೈದ್ಯರು ಸೂಚಿಸುತ್ತಾರೆ. ಅದನ್ನು ನಾಲಗೆ ಎಟುಕದ ಕುತ್ತಿಗೆಯ ಹಿಂಭಾಗದಲ್ಲಿ ಹಾಕುವುದೇಕೆಂದು ವಾಚಕರಿಗೆ ಈಗ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಎಷ್ಟು ಬೆಕ್ಕು ನಾಯಿಗಳಿವೆಯೋ ಅಷ್ಟಕ್ಕೂ ಅದದಕ್ಕೆ ಹೇಳಿದ ಔಷಧವನ್ನು ಒಂದೇ ಕಾಲದಲ್ಲಿ ಹಾಕಬೇಕು. ಕೆಲವು ತಿಂಗಳು ಬಿಡದೆ ಮುಂದುವರಿಸಬೇಕು.

ಇತ್ತ ಬೆಕ್ಕಿನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಹಿಡಿಸೂಡಿ ತಲಪದ ಮೂಲೆಗಳನ್ನೂ ಮಂಚದ ಅಡಿಯನ್ನೂ ಗುಡಿಸಿ, ಕಸವನ್ನು ಕೂಡಲೇ ಹೊರಹಾಕಿರಿ. ಬಿಸಿಲಿನ ದಿನಗಳಲ್ಲಿ ಕಿಟಕಿ ತೆರೆದು ತೇವ ಕಳೆಯಗೊಡಿರಿ. ಒಣಗಾಳಿ ಮರಿಹುಳುವಿನ ಶತ್ರುವೆಂಬುದನ್ನು ನೆನಪಿಡಿರಿ.

ನೆಕ್ಕದಂತೆ ಕುತ್ತಿಗೆಗೆ ಆಲಿಕೆಯಾಕಾರದ ಪಟ್ಟಿ ಕಟ್ಟುವ ರೂಢಿಯಿದೆ. ಗಾಯವಿದ್ದಾಗ ಅದು ಉಪಯುಕ್ತ. ಆದರೆ ಅದೇ ಚಿಕಿತ್ಸೆಯೆಂದು ತಿಳಿಯಬಾರದು. ಕ್ಯಾಲಿಫೋರ್ನಿಯಾದಲ್ಲಿ ಎಕ್‌ಸ್ಟೈನ್ ಮತ್ತು ಹಾರ್ಟ್ ಎಂಬವರು ಚಿಗಟವಿದ್ದ ಮನೆಯೊಂದರ ಕೆಲವು ಬೆಕ್ಕುಗಳಿಗೆ ಇಂತಹ ಪಟ್ಟಿ ಕಟ್ಟಿ ನೋಡಿದರು. ಮೂರು ವಾರಗಳ ಬಳಿಕ ಅವುಗಳ ಮೈಮೇಲಿನ ಚಿಗಟಗಳು ಪಟ್ಟಿಯಿಲ್ಲದ ಬೆಕ್ಕುಗಳಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿಯಾಗಿದ್ದುವೆಂದು 2000ರಲ್ಲಿ ವರದಿಮಾಡಿದರು. ನಾವು ತಡೆಯಹೊರಟ ನಾಲಗೆಯೇ ಬೆಕ್ಕಿನ ಪಾಲಿಗೆ ಚಿಗಟದ ಮದ್ದಾಗಿತ್ತು!

ನೆಕ್ಕುವಾಗ ಗದರಿಸುವುದರಿಂದಲೂ ಹೊಡೆಯುವುದರಿಂದಲೂ ಪ್ರಯೋಜನವಿಲ್ಲ. ಅಂಜಿಕೆ ನೆಕ್ಕುವಿಕೆಯನ್ನು ಹೆಚ್ಚಿಸೀತು. ಮನೋವ್ಯಥೆಯೇ ಕಾರಣವೆಂದು ವೈದ್ಯರು ನಿಶ್ಚಯಿಸಿದರೆ ಬೆಕ್ಕಿಗೆ ಏರಿ ಕೂರಲು ಎತ್ತರದ ಜಾಗ, ಅಡಗಲು ಒಂದು ಪೆಟ್ಟಿಗೆ, ದಿನವೂ ಗೊತ್ತಾದ ಹೊತ್ತಿಗೆ ಊಟ, ಸ್ವಲ್ಪ ಆಟ—ಇವನ್ನು ಒದಗಿಸಬೇಕು. ಬೆಕ್ಕುಗಳು ಹಲವಿದ್ದರೆ ಅನ್ನದ ತಟ್ಟೆಗಳನ್ನು ದೂರದೂರದಲ್ಲಿಡಬೇಕು.

ಕಾರಣ ನೀಗಿದ ಮೇಲೆ ಕೂದಲು ಮತ್ತೆ ಬೆಳೆಯುತ್ತದೆ. ಮೊದಲು ಮಖಮಲ್ಲಿನಂತಹ ನವಿರಾದ ಪದರ ಕಾಣಿಸಿಕೊಂಡು, ಎರಡು ಮೂರು ತಿಂಗಳಲ್ಲಿ ಬೋಳು ಮುಚ್ಚುತ್ತದೆ. ಬೆಕ್ಕು ಆಗಲೂ ಊಟ ಮುಗಿಸಿ ಜಗಲಿಯಲ್ಲಿ ಕುಳಿತು ಮೈ ನೆಕ್ಕುವುದು, ಅದನ್ನು ತಡೆಯಬೇಕಾಗಿಲ್ಲ. ಸೀರಣಿಗೆಯನ್ನು ಮಾತ್ರ ಕೈಗೆ ಸಿಗುವಲ್ಲಿಯೇ ಇಟ್ಟುಕೊಂಡು ಮುಂದಿನ ಮಳೆಗಾಲಕ್ಕೆ ಸಿದ್ಧರಾಗಿರೋಣ.